ಹಳೇ ನಂಬರು, ಹೊಸ ನಂಬರು

ಬೆಂಗಳೂರಿನಲ್ಲಿ ನಾನು ಮೂರು ವರ್ಷ ಬಾಡಿಗೆಗಿದ್ದ ಮನೆಯ ಗೇಟಿನಲ್ಲಿ ಎರಡು ನಂಬರುಗಳಿದ್ದವು. ಕಪ್ಪು ಕಲ್ಲಿನಲ್ಲಿ ಕೆತ್ತಿಸಿದ್ದು ಹೊಸ ನಂ. 18. ಅದರ ಕೆಳಗೆ ಮಳೆಗೆ ಅರ್ಧ ಮಾಸಿದ ನೀಲಿ ತಗಡಿನಲ್ಲಿ ಹಳೇ ನಂ. 47/2. ಕರೆಂಟ್ ಬಿಲ್ಲು ಹಳೇ ನಂಬರಿಗೆ ಬರುತ್ತಿತ್ತು, ಗ್ಯಾಸ್ ಸಿಲಿಂಡರ್ ಹೊಸ ನಂಬರಿಗೆ. ಒಮ್ಮೆ ಮನೆ ಓನರ್ ಅಜ್ಜನಿಗೆ, “ಆ ತಗಡು ಇನ್ನೂ ಯಾಕೆ ಸಾರ್, ತೆಗೆಸಿಬಿಡಿ” ಅಂದೆ. “ಇರಲಿ ಬಿಡಪ್ಪಾ” ಅಂದರು ಅವರು. “ಯಾರ ಪುಸ್ತಕದಲ್ಲಿ ಯಾವ ನಂಬರು ಬರೆದಿದೆಯೋ ಯಾರಿಗೆ ಗೊತ್ತು?”

ಆ ಮಾತಿನ ಬೆಲೆ ತಿಳಿದದ್ದು ಅದೇ ಮನೆಯ ಮಹಡಿ ಕೋಣೆಯಲ್ಲಿ, ನಾಲ್ಕು ರಾತ್ರಿ ನಿದ್ದೆಗೆಟ್ಟ ಮೇಲೆ. ಆಗ ನಾನು ಸಂಜೆ ಕೆಲಸ ಮುಗಿಸಿ ಬಂದು ಹವ್ಯಾಸಕ್ಕೆಂದು ಪುಟ್ಟದೊಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೆ. ಕೆಲವರು ಹಳೇ ಸ್ಕೂಟರ್ ಬಿಚ್ಚಿ ಜೋಡಿಸುತ್ತಾರೆ, ಕೆಲವರು ಅಂಚೆಚೀಟಿ ಅಂಟಿಸುತ್ತಾರೆ; ಇದೂ ಅಂಥದ್ದೇ ಒಂದು ಹುಚ್ಚು. ಅದರ ತಿರುಳಾದ ಕರ್ನಲ್ ಶುರುವಾಗುತ್ತಿತ್ತು, ಕಪ್ಪು ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ನಮಸ್ಕಾರ’ ಎನ್ನುತ್ತಿತ್ತು, ಹಿಂದೆಯೇ ಇಡೀ ಯಂತ್ರ ರೀಸ್ಟಾರ್ಟ್ ಆಗುತ್ತಿತ್ತು. ಮತ್ತೆ ನಮಸ್ಕಾರ, ಮತ್ತೆ ರೀಸ್ಟಾರ್ಟ್. ಏನು ತಪ್ಪಾಯಿತೆಂದು ಹೇಳುವ ಒಂದೇ ಒಂದು ಸಾಲಿಲ್ಲ.

ಕಂಪ್ಯೂಟರಿನ ಮೆಮೊರಿಯೂ ಒಂದು ಬೀದಿಯೇ. ಬೈಟಿಗೊಂದು ಮನೆ, ಮನೆಗೊಂದು ನಂಬರು. ತಂತಿಗಳ ಮೇಲೆ ಹರಿದು ಮೆಮೊರಿ ಚಿಪ್ಪಿನ ತನಕ ಹೋಗುವ ಈ ನಂಬರಿಗೆ ಭೌತಿಕ ವಿಳಾಸ ಎನ್ನುತ್ತಾರೆ. ನಾವಿಲ್ಲಿ ಹಳೇ ನಂಬರು ಅನ್ನೋಣ. ನಿಮ್ಮ ಬ್ರೌಸರಾಗಲಿ, ಮಕ್ಕಳು ಆಡುವ ಗೇಮಾಗಲಿ ಈ ನಂಬರನ್ನು ಕಣ್ಣಲ್ಲೂ ಕಂಡಿರುವುದಿಲ್ಲ. ಅವಕ್ಕೆ ಕೊಟ್ಟಿರುವುದು ವರ್ಚುಯಲ್ ವಿಳಾಸ, ಅಂದರೆ ಹೊಸ ನಂಬರು. ಎರಡರ ನಡುವೆ, ಪ್ರೊಸೆಸರಿನ ಹೊಟ್ಟೆಯೊಳಗೆ, ಎಂಎಂಯು ಎಂಬ ಅಂಚೆಯವನು ಕೂತಿದ್ದಾನೆ. ಹೊಸ ನಂಬರು ಬಂದಾಗಲೆಲ್ಲ ಅವನು ಪೇಜ್ ಟೇಬಲ್ ಎಂಬ ಪುಸ್ತಕ ತೆರೆದು, ಅದರ ಎದುರಿಗೆ ಬರೆದಿರುವ ಹಳೇ ನಂಬರನ್ನು ಹುಡುಕಿ ಅಲ್ಲಿಗೆ ಹೋಗುತ್ತಾನೆ. ಒಂದೊಂದು ಮನೆಗೂ ಒಂದೊಂದು ಸಾಲು ಬರೆದರೆ ಪುಸ್ತಕವೇ ಬೀದಿಗಿಂತ ದೊಡ್ಡದಾದೀತು. ಹಾಗಾಗಿ 4096 ಮನೆಗಳಿಗೆ ಒಂದು ಸಾಲು. ಆ ಗುಂಪಿಗೆ ಪೇಜ್ ಎಂದು ಹೆಸರು.

ಈ ಉಪಾಯ ಇಂದಿನದಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಟಾಮ್ ಕಿಲ್ಬರ್ನ್ ತಂಡ ಕಟ್ಟಿದ ಅಟ್ಲಾಸ್ ಕಂಪ್ಯೂಟರಿನಲ್ಲಿ 1962ರಲ್ಲೇ ಪೇಜುಗಳಿದ್ದವು. ವೇಗದ ಮೆಮೊರಿ ಬಲು ದುಬಾರಿ, ತಿರುಗುವ ಡ್ರಮ್ಮಿನ ಮೆಮೊರಿ ಅಗ್ಗ ಆದರೆ ನಿಧಾನ. ಎರಡೂ ಸೇರಿ ಒಂದೇ ದೊಡ್ಡ ಮೆಮೊರಿಯಂತೆ ಕಾಣಬೇಕೆಂಬುದು ಅವರ ಆಸೆಯಾಗಿತ್ತು. ಪಿಸಿಗಳಿಗೆ ಅದು ಬಂದದ್ದು 1985ರಲ್ಲಿ ಹೊರಬಂದ ಇಂಟೆಲ್‌ನ 80386 ಚಿಪ್ಪಿನ ಜೊತೆ.

ಸ್ವಿಚ್ ಒತ್ತಿದಾಗ ಆ ಚಿಪ್ಪಿನ ವಂಶದ ಪ್ರೊಸೆಸರುಗಳು ಪೇಜಿಂಗ್ ಇಲ್ಲದೆಯೇ ಏಳುತ್ತವೆ. ಪುಸ್ತಕ ಇನ್ನೂ ಬರೆದಿಲ್ಲ, ಅಂಚೆಯವನು ಡ್ಯೂಟಿಗೆ ಬಂದಿಲ್ಲ, ಬೀದಿಗೆಲ್ಲ ಹಳೇ ನಂಬರು ಮಾತ್ರ. ಬೂಟ್‌ಲೋಡರ್ ಎಂಬ ಚಿಕ್ಕ ಪ್ರೋಗ್ರಾಂ ನನ್ನ ಕರ್ನಲನ್ನು ಡಿಸ್ಕಿನಿಂದ ತಂದು 00100000 ಎಂಬಲ್ಲಿ ಇಳಿಸುತ್ತಿತ್ತು. (ಇಲ್ಲಿನ ವಿಳಾಸಗಳೆಲ್ಲ ಹದಿನಾರರ ಲೆಕ್ಕದವು. 00100000 ಅಂದರೆ ಬೀದಿಯ ತುದಿಯಿಂದ ಸರಿಯಾಗಿ 1 ಎಂಬಿ ದೂರ. 80000000 ಅಂದರೆ 2 ಜಿಬಿ ದೂರ.) ಆ 1 ಎಂಬಿಗಿಂತ ಕೆಳಗೆ 640 ಕೆಬಿ ಆದಮೇಲೆ ಪರದೆಯ ಮೆಮೊರಿ, ಬಯೋಸ್ ಮುಂತಾದ ಹಳೆಯ ಕುಳಗಳ ವಾಸ. ಅವುಗಳನ್ನು ಕೆಣಕದೆ ಅದರಾಚೆ ಮನೆ ಮಾಡುವುದು ರೂಢಿ.

ಆದರೆ ಕರ್ನಲ್ ತನ್ನನ್ನು ತಾನು ತಿಳಿದುಕೊಂಡಿರುವುದೇ ಬೇರೆ. ಕೆಳಗಿನ ನಂಬರುಗಳನ್ನು ಮುಂದೆ ಬರಲಿರುವ ಪ್ರೋಗ್ರಾಂಗಳಿಗೆ ಬಿಟ್ಟುಕೊಟ್ಟು ತಾನು ಮೇಲಿನ ನಂಬರುಗಳಲ್ಲಿ ಇರುವುದು ಅದರ ಕ್ರಮ. ಹಾಗಾಗಿ ನನ್ನ ಕರ್ನಲನ್ನು ಕಂಪೈಲ್ ಮಾಡುವಾಗಲೇ “ನಿನ್ನ ಮನೆ 80100000” ಎಂದು ಅದಕ್ಕೆ ಹೇಳಿಕೊಟ್ಟಿದ್ದೆ. ಅದರೊಳಗಿನ ಪ್ರತಿ ಫಂಕ್ಷನ್ನಿಗೂ ವೇರಿಯಬಲ್ಲಿಗೂ 80ರಿಂದ ಶುರುವಾಗುವ ನಂಬರೇ ಅಚ್ಚಾಗಿರುತ್ತದೆ. ಶುರುವಿನಲ್ಲಿ ಆ ನಂಬರು ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗಬೇಕಾದರೆ ಪುಸ್ತಕ ಬರೆಯಬೇಕು. ಪುಸ್ತಕ ಬರೆಯಬೇಕಾದದ್ದು ಅದೇ ಕರ್ನಲ್. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು.

ಪೇಜಿಂಗ್ ಶುರುಮಾಡುವುದು ಹೇಳಲಿಕ್ಕೆ ಸುಲಭ. ಪುಸ್ತಕದ ವಿಳಾಸವನ್ನು ಸಿಆರ್3 ಎಂಬ ರಿಜಿಸ್ಟರಿನಲ್ಲಿಡಿ, ಸಿಆರ್0 ಎಂಬ ಇನ್ನೊಂದರ ತುತ್ತತುದಿಯ ಬಿಟ್ಟನ್ನು 1 ಮಾಡಿ. ಮುಗಿಯಿತು. ಈಗ ಆ ಎರಡನೆಯ ಆಜ್ಞೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಅದರ ಉದ್ದ 3 ಬೈಟು. ಅದು 00100020ರಲ್ಲಿದೆ ಅನ್ನಿ. ಹಾಗಾದರೆ ಮುಂದಿನ ಆಜ್ಞೆ ಇರುವುದು 00100023ರಲ್ಲಿ. ಪ್ರೊಸೆಸರು ಬಿಟ್ಟನ್ನು 1 ಮಾಡಿತು, ಅಭ್ಯಾಸದಂತೆ ಮುಂದಿನ ನಂಬರಿಗೆ ಕೈಚಾಚಿತು. ಅಷ್ಟರಲ್ಲಿ ಅಂಚೆಯವನು ಡ್ಯೂಟಿಗೆ ಬಂದುಬಿಟ್ಟಿದ್ದಾನೆ. ಇದೀಗ 00100023 ಎಂಬುದೂ ಹೊಸ ನಂಬರೇ. ಪುಸ್ತಕದಲ್ಲಿ ಬರೆದಿರುವುದು 80ರಿಂದ ಶುರುವಾಗುವ ನಂಬರುಗಳು ಮಾತ್ರ ಎಂದಾದರೆ, “ಆ ನಂಬರಿನ ಮನೆ ಇಲ್ಲಿಲ್ಲ” ಎನ್ನುತ್ತಾನೆ. ಎರಡು ಆಜ್ಞೆಗಳ ನಡುವೆ ಕರ್ನಲ್ಲಿನ ಕಾಲಕೆಳಗಿನ ನೆಲವೇ ಹೆಸರು ಬದಲಿಸಿಕೊಂಡು ಮಾಯವಾಗಿರುತ್ತದೆ.

ಪರಿಹಾರ ಓನರ್ ಅಜ್ಜನದ್ದೇ: ಒಂದೇ ಮನೆಗೆ ಎರಡೂ ಬೋರ್ಡು. ಅಮೆರಿಕದ ಎಂಐಟಿಯಲ್ಲಿ ಆಪರೇಟಿಂಗ್ ಸಿಸ್ಟಂ ಪಾಠಕ್ಕೆಂದು 2006ರಲ್ಲಿ ಬರೆದ ಎಕ್ಸ್‌ವಿ6 ಎಂಬ ಪುಟ್ಟ ಕರ್ನಲ್ ಇದೆ. ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ಆರನೆಯ ಆವೃತ್ತಿಯ ಮಾದರಿಯಲ್ಲಿ ಕಟ್ಟಿದ್ದು. ನನ್ನದು ಅದರ ಬಡ ನೆಂಟ. ಅದರ ಇಂಟೆಲ್ ರೂಪದಲ್ಲಿ ಮೊದಮೊದಲಿನ ಪುಸ್ತಕದಲ್ಲಿ 1024 ಸಾಲುಗಳಿಗೆ ಜಾಗವಿದೆ, ಒಂದೊಂದು ಸಾಲೂ 4096 ಮನೆಗಳ ಬದಲು 4 ಎಂಬಿ ಬೀದಿಯನ್ನು ಆಳುತ್ತದೆ. ಆದರೆ ತುಂಬಿರುವುದು ಎರಡೇ ಸಾಲು. 0ನೆಯ ಸಾಲು, ಹೊಸ ನಂಬರು 00000000ರಿಂದ ಮೊದಲ 4 ಎಂಬಿಗೆ. 512ನೆಯ ಸಾಲು, 80000000ರಿಂದ ಮುಂದಿನ 4 ಎಂಬಿಗೆ. ಎರಡರ ಎದುರಿಗೂ ಬರೆದಿರುವುದು ಒಂದೇ ಹಳೇ ನಂಬರು, ಸೊನ್ನೆ. ಹೊಸದೂ ಹಳೆಯದೂ ಒಂದೇ ಆಗಿರುವ ಈ 0ನೆಯ ಸಾಲಿಗೆ ಈ ಕಸುಬಿನವರು ಐಡೆಂಟಿಟಿ ಮ್ಯಾಪ್ ಎನ್ನುತ್ತಾರೆ. ಬಿಟ್ ಬದಲಾದ ಮೇಲೂ 00100023 ಇರುವಲ್ಲೇ ಇರುತ್ತದೆ, ಕರ್ನಲ್ ಒಂದು ಉಸಿರು ತೆಗೆದುಕೊಂಡು ಮೇಲಿನ ನಂಬರಿಗೆ ಜಿಗಿಯುತ್ತದೆ.

ಜಿಗಿತದಲ್ಲೂ ಒಂದು ಮೋಸವಿದೆ. ಜಂಪ್ ಆಜ್ಞೆಗಳು ಸಾಮಾನ್ಯವಾಗಿ “ಇಲ್ಲಿಂದ ಇಷ್ಟು ಮನೆ ಮುಂದೆ” ಎಂದು ಹೇಳುವಂಥವು. ಕೆಳಗಿನ ನಂಬರಿನಲ್ಲಿ ನಿಂತು “ಇಲ್ಲಿಂದ 300 ಮನೆ ಮುಂದೆ” ಅಂದರೆ ತಲುಪುವುದೂ ಕೆಳಗಿನ ನಂಬರಿಗೇ. ಕರ್ನಲ್ ಜಿಗಿದೆನೆಂದು ಭಾವಿಸಿ ಕೆಳಗೇ ಓಡುತ್ತಿರುತ್ತದೆ. 0ನೆಯ ಸಾಲು ಇರುವ ತನಕ ಎಲ್ಲ ಸರಿಯಾಗಿಯೇ ಕಾಣುತ್ತದೆ. ಅದಕ್ಕೇ ಎಕ್ಸ್‌ವಿ6 ತಲುಪಬೇಕಾದ ಪೂರ್ತಿ ನಂಬರನ್ನು ಮೊದಲು ಒಂದು ರಿಜಿಸ್ಟರಿಗೆ ಹಾಕಿಕೊಂಡು, ಆಮೇಲೆ “ಅದರಲ್ಲಿ ಬರೆದಿರುವ ನಂಬರಿಗೆ ಹೋಗು” ಎನ್ನುತ್ತದೆ. ಯಾಕೆ ಹೀಗೆ ಸುತ್ತಿ ಬಳಸಿ ಎಂದು ಪಕ್ಕದಲ್ಲೇ ಟಿಪ್ಪಣಿ ಕೂಡ ಇದೆ. ಆ ಟಿಪ್ಪಣಿ ಬರೆದವರು ಒಮ್ಮೆ ಈ ಹಳ್ಳಕ್ಕೆ ಬಿದ್ದಿರಲೇಬೇಕು ಎಂಬುದು ನನ್ನ ಅನುಮಾನ.

1991ರಲ್ಲಿ ಹೊರಬಂದ ಮೊತ್ತಮೊದಲ ಲಿನಕ್ಸಿನ ವರಸೆ ಇನ್ನೂ ಗಮ್ಮತ್ತಿನದು. ಅದು ಪುಸ್ತಕವನ್ನು ಇಟ್ಟದ್ದು ವಿಳಾಸ ಸೊನ್ನೆಯಲ್ಲಿ. ಅಲ್ಲಿ ಅದಾಗಲೇ ಏನಿತ್ತು? ಆಗತಾನೆ ಓಡಿ ಮುಗಿಸಿದ ಅದರದೇ ಶುರುವಿನ ಕೋಡು. ಕೂತ ಕೊಂಬೆಯನ್ನೇ ಕಡಿಯುವ ಕೆಲಸ. ಆದರೆ ಕಡಿಯುವ ಆಜ್ಞೆಗಳನ್ನು ಲೈನಸ್ ಟೋರ್ವಾಲ್ಡ್ಸ್ ಆಚೆ ಕೊಂಬೆಯ ಮೇಲೆ ಕೂರಿಸಿದ್ದ. ಇಡೀ ಯಂತ್ರದಲ್ಲಿ 8 ಎಂಬಿ ಮೆಮೊರಿ ಎಂದು ಲೆಕ್ಕಹಾಕುತ್ತಿದ್ದ ಕಾಲ, ಕೆಲಸ ಮುಗಿದ ಕೋಡಿನ ಜಾಗವೂ ವ್ಯರ್ಥವಾಗಬಾರದು.

ಇನ್ನು ಬಿದ್ದಾಗ ಏನಾಗುತ್ತದೆ ಎಂಬುದಕ್ಕೆ ಬರೋಣ, ನನ್ನ ನಾಲ್ಕು ರಾತ್ರಿಗಳ ಗೋಳು ಅಲ್ಲಿದೆ. ಪುಸ್ತಕದಲ್ಲಿ ಇಲ್ಲದ ನಂಬರು ಕೇಳಿದಾಗ ಪ್ರೊಸೆಸರು 14ನೆಯ ನಂಬರಿನ ದೂರು ಎತ್ತುತ್ತದೆ. ಪೇಜ್ ಫಾಲ್ಟ್ ಎಂದು ಅದರ ಹೆಸರು. ಯಾವ ವಿಳಾಸ ಸಿಗಲಿಲ್ಲ ಎಂದು ಸಿಆರ್2 ರಿಜಿಸ್ಟರಿನಲ್ಲಿ ಬರೆದಿಟ್ಟು, ದೂರು ಕೇಳುವ ಫಂಕ್ಷನ್ನಿಗೆ ಹೋಗುತ್ತದೆ. ಆ ಫಂಕ್ಷನ್ ಇರುವುದೂ ಮೆಮೊರಿಯಲ್ಲೇ. ಅದು ಎಲ್ಲಿದೆ ಎಂದು ಹೇಳುವ ಪಟ್ಟಿ, ಐಡಿಟಿ, ಅದೂ ಮೆಮೊರಿಯಲ್ಲೇ. ಅವನ್ನು ಹುಡುಕಲು ಹೋದಾಗಲೂ ನಂಬರು ಸಿಗದಿದ್ದರೆ 8ನೆಯ ದೂರು, ಡಬಲ್ ಫಾಲ್ಟ್. ಅದನ್ನು ಕೇಳುವವರೂ ಇಲ್ಲವೆಂದರೆ ಟ್ರಿಪಲ್ ಫಾಲ್ಟ್. ಅದಕ್ಕೆ ನಂಬರೂ ಇಲ್ಲ, ಕೇಳುವ ಫಂಕ್ಷನ್ನೂ ಇಲ್ಲ. ಪ್ರೊಸೆಸರು ಕೈಚೆಲ್ಲುತ್ತದೆ, ಪಿಸಿ ರೀಸ್ಟಾರ್ಟ್ ಆಗುತ್ತದೆ. ಮನೆಗೆ ಬೆಂಕಿ ಬಿದ್ದಿದೆ, ಫೋನ್ ಮಾಡೋಣವೆಂದರೆ ಫೋನ್ ಇರುವುದು ಅದೇ ಮನೆಯೊಳಗೆ.

ಹಾಗಾದರೆ ಈ ಹೊತ್ತಿನಲ್ಲಿ ಕರ್ನಲ್ಲಿನ ಬಾಯಿಂದ ಮಾತು ಹೊರಡಿಸುವುದು ಹೇಗೆ? ಅತ್ಯಂತ ಹಳೆಯ ದಾರಿಗೆ ಎರಡೇ ಬೈಟು ಸಾಕು: ಇಬಿ, ಎಫ್‌ಇ. “ಇಲ್ಲಿಂದ ಇಲ್ಲಿಗೇ ಜಿಗಿ” ಎಂಬ ಆಜ್ಞೆ ಅದು. ಗಾಣದ ಎತ್ತಿನ ಹಾಗೆ ಪ್ರೊಸೆಸರು ಅಲ್ಲೇ ಸುತ್ತುತ್ತದೆ. ಅನುಮಾನ ಬಂದ ಕಡೆ ಅದನ್ನು ನೆಟ್ಟು ಬೂಟ್ ಮಾಡಿ. ಯಂತ್ರ ಸುಮ್ಮನೆ ನಿಂತರೆ ಅಲ್ಲಿಯ ತನಕ ಬಂದಿದೆ ಎಂದರ್ಥ. ರೀಸ್ಟಾರ್ಟ್ ಆದರೆ ಅದಕ್ಕಿಂತ ಮೊದಲೇ ಬಿದ್ದಿದೆ. ಹೌದು, ಇಲ್ಲ ಎಂಬ ಎರಡೇ ಉತ್ತರ ಕೊಡುವ ಮೂಗನನ್ನು ಹಿಡಿದುಕೊಂಡು ಅರ್ಧರ್ಧ ಮಾಡುತ್ತ ಹೋದರೆ ಸಾವಿರ ಸಾಲಿನಲ್ಲಿ ಬಿದ್ದ ಜಾಗ ಹತ್ತು ಪ್ರಯತ್ನಕ್ಕೆ ಸಿಗುತ್ತದೆ.

ಇನ್ನೊಂದು ದಾರಿ ಸೀರಿಯಲ್ ಪೋರ್ಟು. ಇವತ್ತಿನ ಲ್ಯಾಪ್‌ಟಾಪುಗಳಲ್ಲಿ ಕಾಣಸಿಗದ ಈ ಮುದುಕನನ್ನು ಕರ್ನಲ್ ಬರೆಯುವವರು ಇನ್ನೂ ತಲೆಯ ಮೇಲೆ ಹೊತ್ತು ಮೆರೆಸುವುದಕ್ಕೆ ಕಾರಣವಿದೆ. ಇಂಟೆಲ್ ವಂಶದಲ್ಲಿ ಪೋರ್ಟುಗಳ ನಂಬರಿನ ಬೀದಿಯೇ ಬೇರೆ. 3ಎಫ್8 ಎಂಬ ಪೋರ್ಟಿಗೆ ಒಂದು ಅಕ್ಷರ ಎಸೆಯುವ ಆಜ್ಞೆ ಪೇಜ್ ಟೇಬಲ್ಲನ್ನು ಕೇಳುವುದೇ ಇಲ್ಲ. ಪುಸ್ತಕ ಹರಿದುಹೋಗಿರಲಿ, ತಲೆಕೆಳಗಾಗಿರಲಿ, ಆ ಆಜ್ಞೆಯ ತನಕ ಬಂದರೆ ಅಕ್ಷರ ಹೊರಬಿದ್ದೇ ಬೀಳುತ್ತದೆ. ಮೊಬೈಲುಗಳಲ್ಲಿರುವ ಆರ್ಮ್ ಪ್ರೊಸೆಸರುಗಳಿಗೆ ಈ ಸುಖವಿಲ್ಲ. ಅಲ್ಲಿ ಸೀರಿಯಲ್ ಪೋರ್ಟಿಗೂ ಮೆಮೊರಿ ಬೀದಿಯಲ್ಲೇ ಒಂದು ನಂಬರು. ಪುಸ್ತಕದಲ್ಲಿ ಅದಕ್ಕೊಂದು ಸಾಲು ಬರೆಯಲು ಮರೆತರೆ ಪೇಜಿಂಗ್ ಶುರುವಾದ ಗಳಿಗೆಯಿಂದ ಕರ್ನಲ್ಲಿಗೆ ಬಾಯಿ ಕಟ್ಟಿದ ಹಾಗೆ. ಆಗ ಬೋರ್ಡಿನ ಮೇಲಿನ ಎಲ್‌ಇಡಿಯನ್ನು ಮಿನುಗಿಸಿ ನೋಡೋಣವೆಂದರೆ ಅದಕ್ಕೂ ಅದೇ ಪುಸ್ತಕ ಬೇಕು!

ಮೂರನೆಯದು ನನ್ನಂಥ ಸೋಮಾರಿಗಳ ದಾರಿ, ಕ್ಯೂಎಮು. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದ ಈ ತಂತ್ರಾಂಶ ಇಡೀ ಪಿಸಿಯನ್ನು ನಟಿಸುತ್ತದೆ. ಟ್ರಿಪಲ್ ಫಾಲ್ಟ್ ಆದರೆ ರೀಸ್ಟಾರ್ಟ್ ಮಾಡಬೇಡ ಎನ್ನಬಹುದು. ಪ್ರತಿಯೊಂದು ದೂರನ್ನೂ ರಿಜಿಸ್ಟರುಗಳ ಸಮೇತ ಬರೆದಿಡು ಎನ್ನಬಹುದು. ಸತ್ತವನ ಜೇಬಿನಲ್ಲಿ ಏನೇನಿತ್ತು ಎಂಬ ಪಂಚನಾಮೆ ಕೈಗೆ ಸಿಗುತ್ತದೆ. ಅದಕ್ಕೆ ಡಂಪ್ ಎನ್ನುತ್ತಾರೆ.

ಮೊದಲ ರಾತ್ರಿ ನಾನು ಎತ್ತನ್ನು ಗಾಣಕ್ಕೆ ಕಟ್ಟಿದೆ. ಪೇಜಿಂಗ್ ಶುರು, ಸರಿ. ಮೇಲಿನ ನಂಬರಿಗೆ ಜಿಗಿತ, ಸರಿ. ಕೆಲಸ ಮುಗಿದ 0ನೆಯ ಸಾಲನ್ನು ಅಳಿಸುವುದು, ಅದೂ ಸರಿ. ಆ ಸಾಲನ್ನು ಅಳಿಸಲೇಬೇಕು, ಕೆಳಗಿನ ನಂಬರುಗಳು ಪ್ರೋಗ್ರಾಂಗಳ ಪಾಲಿನವು. ಅಳಿಸಿದ ಮೇಲೆ ಸಿಆರ್3ಕ್ಕೆ ಮತ್ತೆ ಅದೇ ವಿಳಾಸ ಬರೆಯುವುದನ್ನೂ ನಾನು ಮರೆತಿರಲಿಲ್ಲ. ಅಂಚೆಯವನಿಗೆ ಈಚೆಗೆ ನೋಡಿದ ಸಾಲುಗಳನ್ನು ಟಿಎಲ್‌ಬಿ ಎಂಬ ಚೀಟಿಯಲ್ಲಿ ಗೀಚಿಟ್ಟುಕೊಳ್ಳುವ ಚಾಳಿಯಿದೆ. ಸಿಆರ್3ಕ್ಕೆ ಮತ್ತೆ ಬರೆದರೆ ಆ ಚೀಟಿ ಹರಿದುಹಾಕುತ್ತಾನೆ. ಚೀಟಿ ಹರಿಯದೆ ಬಿಟ್ಟರೆ ಅಳಿಸಿದ ಸಾಲು ಒಂದು ಯಂತ್ರದಲ್ಲಿ ಇನ್ನೂ ಬದುಕಿರುವಂತೆ ಕಂಡು ಇನ್ನೊಂದರಲ್ಲಿ ಸತ್ತಿರುತ್ತದೆ. ಇವೆಲ್ಲ ಆಗಿ, ಸೀರಿಯಲ್ ಪೋರ್ಟಿನಲ್ಲಿ ಸಾಲುಸಾಲಾಗಿ ಸಂದೇಶ ಬಂದು, ಇಂಟರಪ್ಟುಗಳಿಗೆ, ಅಂದರೆ ಟೈಮರು, ಕೀಬೋರ್ಡು ಮುಂತಾದವು ನಡುವೆ ಬಂದು ಕರೆಯುವ ಕರೆಗಳಿಗೆ, ಬಾಗಿಲು ತೆರೆಯುವ ಆಜ್ಞೆ ದಾಟಿದ ಕೂಡಲೇ ಬೀಳುತ್ತಿತ್ತು. ಆ ಆಜ್ಞೆಯ ನಂತರ ಅಕ್ಷರ ಮುದ್ರಿಸಿ ನೋಡಿದೆ. ಒಮ್ಮೆ ನಾಲ್ಕು ಅಕ್ಷರ ಬಂದವು, ಇನ್ನೊಮ್ಮೆ ನಲವತ್ತು.

ಅಷ್ಟು ಸಾಕಾಯಿತು, ನಾನು ಗಡಿಯಾರದ ಚಿಪ್ಪಿನ ಕೊರಳಪಟ್ಟಿ ಹಿಡಿದೆ. ಪಿಸಿಯ ಟೈಮರು ಏನೂ ಹೇಳದಿದ್ದರೆ ಸೆಕೆಂಡಿಗೆ 18.2 ಸಲ, ಅಂದರೆ 55 ಮಿಲಿಸೆಕೆಂಡಿಗೊಮ್ಮೆ ಬಾಗಿಲು ತಟ್ಟುತ್ತದೆ. ಪಂಚನಾಮೆಯಲ್ಲಿ 8 ಎಂಬ ಅಂಕಿ ಬೇರೆ ಇತ್ತು. ಇದಕ್ಕೊಂದು ಕುಖ್ಯಾತ ಹಿನ್ನೆಲೆಯಿದೆ. ಮೊದಲ 32 ನಂಬರುಗಳನ್ನು ಪ್ರೊಸೆಸರಿನ ದೂರುಗಳಿಗೇ ಮೀಸಲಿಟ್ಟಿದ್ದೇವೆ ಎಂದು ಇಂಟೆಲ್ ಹೇಳಿದ್ದರೂ 1981ರ ಐಬಿಎಂ ಪಿಸಿ ಟೈಮರನ್ನು 8ನೆಯ ನಂಬರಿನಲ್ಲಿ ಕೂರಿಸಿತು. ಮುಂದೆ ಡಬಲ್ ಫಾಲ್ಟಿಗೂ ಅದೇ ನಂಬರು ಸಿಕ್ಕಿತು. ಹಾಗಾಗಿ ಕರ್ನಲ್ ಬರೆಯುವ ಪ್ರತಿಯೊಬ್ಬರೂ ಟೈಮರನ್ನು ಅಲ್ಲಿಂದ ಎಬ್ಬಿಸಿ ಬೇರೆಡೆ ಕೂರಿಸಬೇಕು. ನಾನು 32ಕ್ಕೆ ಕೂರಿಸಿದ್ದೆ. ಕೂತಿಲ್ಲವೇನೋ ಎಂಬ ಗುಮಾನಿಯಲ್ಲಿ ಎರಡು ರಾತ್ರಿ ಹೋದವು. ಇಂಟರಪ್ಟ್ ಕಂಟ್ರೋಲರಿಗೆ ಕಳಿಸುವ ನಾಲ್ಕು ಬೈಟುಗಳನ್ನು ಎಷ್ಟು ಸಲ ಬದಲಿಸಿ ಮತ್ತೆ ಮೊದಲಿನಂತೆ ಮಾಡಿದೆನೋ ಲೆಕ್ಕವಿಲ್ಲ.

ನಾಲ್ಕನೆಯ ರಾತ್ರಿ ಪುತ್ತೂರಿನ ಕಡೆಯ ಗೆಳೆಯನಿಗೆ ಫೋನ್ ಮಾಡಿದೆ. ಕಾಲೇಜಿನಲ್ಲಿ ಜೊತೆಗಿದ್ದವನು, ಈಗ ಇದೇ ಕಸುಬು.

“ಎಂತ ಮಾರಾಯ, ಎರಡು ದಿನ ಟೈಮರಿನ ಹಿಂದೆ ಬಿದ್ದದ್ದಾ? ಡಂಪ್ ಓದಿದ್ಯಾ ಇಲ್ವಾ?”

“ಓದ್ದೆ ಕಣೋ.”

“ನೀನು ಓದಿದ್ದು ಬೇಡ. ನನಗೆ ಓದಿ ಹೇಳು. ಒಂದೊಂದೇ ಸಾಲು. ಅವಸರ ಇಲ್ಲ.”

ಓದತೊಡಗಿದೆ. ಮೊದಲು 32ನೆಯ ಇಂಟರಪ್ಟು ಬಂದಿದೆ. ಅದನ್ನು ತಲುಪಿಸಲು ಹೋಗಿ 14. ಆ 14ನ್ನು ತಲುಪಿಸಲು ಹೋಗಿ ಇನ್ನೊಂದು 14. ಅದು 8 ಆಗಿ, ಆ 8ನ್ನು ತಲುಪಿಸಲು ಹೋಗಿ ಮತ್ತೆ 14. ಟ್ರಿಪಲ್ ಫಾಲ್ಟ್. “ಅಲ್ಲಿಗೆ ನಿನ್ನ ಟೈಮರು 32ರಲ್ಲೇ ಕೂತಿದೆ” ಅಂದ ಗೆಳೆಯ. ನನ್ನ ಕಿವಿ ಬಿಸಿಯಾಯಿತು. ಇದು ಎರಡು ದಿನದಿಂದ ಕಣ್ಣೆದುರಿಗೇ ಇದ್ದ ಸಾಲು. “ಮುಂದೆ?”

“ಜಿಡಿಟಿ, ಸೊನ್ನೆ ಸೊನ್ನೆ ಒಂದು ಸೊನ್ನೆ ಐದು ಸೊನ್ನೆ ಸೊನ್ನೆ ಸೊನ್ನೆ. ಐಡಿಟಿ, ಎಂಟು ಸೊನ್ನೆ ಒಂದು ಸೊನ್ನೆ...”

ನಾಲಿಗೆ ಅಲ್ಲೇ ನಿಂತಿತು. ಕಣ್ಣಿಗೆ ನಾಲ್ಕು ದಿನ ಕಾಣದ್ದು ಬಾಯಿಗೆ ಸಿಕ್ಕಿಬಿದ್ದಿತ್ತು. ಪರದೆಯ ಮೇಲೆ ಒಂದರ ಕೆಳಗೊಂದು ಎರಡು ಸಾಲು:

ಜಿಡಿಟಿ = 00105000
ಐಡಿಟಿ = 80106000

ಒಂದು ಹಳೇ ನಂಬರು, ಒಂದು ಹೊಸ ನಂಬರು. ಕೆಳಗಿನ ಸಾಲಿನಲ್ಲಿ ಸಿಆರ್2, ಅಂದರೆ ಸಿಗದೆ ಹೋದ ವಿಳಾಸ: 00105008.

ಜಿಡಿಟಿ ಎಂಬುದು 386ಕ್ಕೂ ಹಿಂದಿನ ಕಾಲದಿಂದ ಉಳಿದುಬಂದ ಪಟ್ಟಿ, ಯಾವ ಕೋಡಿಗೆ ಎಷ್ಟು ಅಧಿಕಾರ ಎಂದು ಬರೆದಿಡುವಂಥದ್ದು. ಒಂದೊಂದು ನಮೂದಿಗೆ 8 ಬೈಟು. ಮೊದಲನೆಯದು ಖಾಲಿ ಇರಬೇಕು, ಎರಡನೆಯದು ನನ್ನ ಕರ್ನಲ್ ಕೋಡಿನದು. 00105000ಕ್ಕೆ 8 ಕೂಡಿಸಿದರೆ ಎರಡನೆಯ ನಮೂದು. ಈ ಪಟ್ಟಿ ಎಲ್ಲಿದೆ ಎಂದು ಪ್ರೊಸೆಸರಿಗೆ ಹೇಳಿದ್ದು ಪೇಜಿಂಗ್ ಶುರುವಾಗುವ ಮೊದಲು. ಆಗ ಇದ್ದದ್ದೇ ಹಳೇ ನಂಬರು, ಹಾಗಾಗಿ ಅದನ್ನೇ ಕೊಟ್ಟಿದ್ದೆ. ಆ ಹೊತ್ತಿಗೆ ಅದು ಸರಿಯಾದ ಉತ್ತರವೇ. ಪೇಜಿಂಗ್ ಬಂದ ಮೇಲೆ 0ನೆಯ ಸಾಲು ಇದ್ದುದರಿಂದ ಹಳೇ ಬೋರ್ಡು ನಡೆಯುತ್ತಿತ್ತು. ಬೋರ್ಡು ಕಿತ್ತೆ. ಪ್ರೊಸೆಸರಿನ ಪುಸ್ತಕದಲ್ಲಿ ಮಾತ್ರ ಹಳೇ ನಂಬರೇ ಉಳಿಯಿತು.

ಕಿತ್ತ ಕೂಡಲೇ ಬೀಳದೆ ಇಷ್ಟು ತಡವಾಗಿ ಬಿದ್ದದ್ದು ಯಾಕೆ? ಪ್ರೊಸೆಸರು ಜಿಡಿಟಿಯ ನಮೂದನ್ನು ಒಮ್ಮೆ ಓದಿಕೊಂಡರೆ ಒಳಗೊಂದು ಮರೆಯಲ್ಲಿ ನಕಲು ಇಟ್ಟುಕೊಳ್ಳುತ್ತದೆ, ಮತ್ತೆ ಮೂಲಪಟ್ಟಿಯ ಗೊಡವೆಗೆ ಹೋಗುವುದಿಲ್ಲ. ಲೆಡ್ಜರನ್ನು ಒಮ್ಮೆ ನೋಡಿ ಬಾಯಿಪಾಠ ಮಾಡಿಕೊಂಡ ಗುಮಾಸ್ತನ ಹಾಗೆ. ಇಂಟರಪ್ಟ್ ಬಂದಾಗ ಮಾತ್ರ ಗುಮಾಸ್ತ ಲೆಡ್ಜರು ತೆರೆಯಲೇಬೇಕು. ತೆರೆಯಲು ಹೋದ, ಲೆಡ್ಜರಿನ ಮನೆಗೆ ಬೋರ್ಡಿಲ್ಲ, ಪೇಜ್ ಫಾಲ್ಟ್. ಆ ದೂರನ್ನು ತಲುಪಿಸಲಿಕ್ಕೂ ಅದೇ ಲೆಡ್ಜರು ಬೇಕು. ಮೂರು ಸಲ ಅದೇ ಬಾಗಿಲಿಗೆ ಹೋಗಿ ಬಿದ್ದದ್ದು. ನಾಲ್ಕು ಅಕ್ಷರ, ನಲವತ್ತು ಅಕ್ಷರ ಎಂಬುದು ಟೈಮರಿನ ಮುಂದಿನ ತಟ್ಟುವಿಕೆಗೆ ಎಷ್ಟು ಸಮಯ ಉಳಿದಿತ್ತು ಎಂಬುದರ ಅಳತೆ, ಅಷ್ಟೆ.

ನಾಲ್ಕು ದಿನ ಯಾಕೆ ಕಾಣಲಿಲ್ಲ ಎಂಬುದಕ್ಕೂ ಕಾರಣವಿದೆ. ಅದೇ ಡಂಪಿನಲ್ಲಿ ಸಿಆರ್3 ಕೂಡ 00104000 ಎಂದಿತ್ತು, ಸೊನ್ನೆ ಸೊನ್ನೆಯಿಂದಲೇ ಶುರು. ಅದು ತಪ್ಪಲ್ಲ. ಪುಸ್ತಕದ ವಿಳಾಸವನ್ನು ಹುಡುಕಲು ಪುಸ್ತಕವನ್ನೇ ನೋಡಲಾಗದು, ಆದ್ದರಿಂದ ಸಿಆರ್3ರಲ್ಲಿ ಯಾವತ್ತೂ ಹಳೇ ನಂಬರೇ ಇರಬೇಕು. (ಅದರಲ್ಲೂ ಕೊನೆಯ ಮೂರು ಅಂಕಿ ಸೊನ್ನೆಯಾಗಿರಬೇಕು. ಪುಸ್ತಕ 00104010ರಿಂದ ಶುರುವಾಗಿದ್ದರೂ ಪ್ರೊಸೆಸರು 00104000ರಿಂದಲೇ ಓದುತ್ತದೆ, ಸಾಲುಗಳೆಲ್ಲ ನಾಲ್ಕು ಸ್ಥಾನ ಪಲ್ಲಟ. ಆ ತಪ್ಪನ್ನು ಹಿಂದಿನ ತಿಂಗಳೇ ಮಾಡಿ ಮುಗಿಸಿದ್ದೆ.) ಆದರೆ ಜಿಡಿಟಿ, ಐಡಿಟಿ, ಸ್ಟ್ಯಾಕು, ಓಡುತ್ತಿರುವ ಕೋಡು, ಇವೆಲ್ಲ ಹೊಸ ನಂಬರು ಕೇಳುವಂಥವು. ಎರಡೂ ಪಕ್ಕಪಕ್ಕದಲ್ಲಿ ಒಂದೇ ಬಗೆಯ ಎಂಟಂಕಿಗಳಾಗಿ ಕೂತಿರುತ್ತವೆ. ಇದು ಯಾವ ಬಗೆಯದು ಎಂದು ಅಂಕಿಗಳು ತಾವಾಗಿ ಹೇಳುವುದಿಲ್ಲ.

ಡಿಬಗರ್ ಎಂಬ ಸಾಧನವೂ ಇಲ್ಲಿ ಎಡವುತ್ತದೆ. ಕರ್ನಲ್ಲಿನ ಮೊದಲ ಫಂಕ್ಷನ್ನಿನ ಹೆಸರು ಹೇಳಿ “ಅಲ್ಲಿ ನಿಲ್ಲಿಸು” ಎಂದರೆ ಅದು 80ರ ನಂಬರಿನಲ್ಲಿ ಕಾದು ಕೂರುತ್ತದೆ. ಕೋಡು 00ರ ನಂಬರಿನಲ್ಲಿ ಪಕ್ಕದಿಂದಲೇ ದಾಟಿ ಹೋಗಿರುತ್ತದೆ.

ಈ ಗೋಜನ್ನೆಲ್ಲ ತಪ್ಪಿಸಲು ಬೀಳುವುದನ್ನೇ ಉಪಾಯ ಮಾಡಿಕೊಂಡವರೂ ಇದ್ದಾರೆ. ರಿಸ್ಕ್-ವಿ ಪ್ರೊಸೆಸರಿಗಾಗಿ ಬರೆದ ಲಿನಕ್ಸಿನಲ್ಲಿ ನನಗೆ ಬಲು ಇಷ್ಟವಾದ ಕೆಲವು ಸಾಲುಗಳಿವೆ. ದೂರು ಬಂದರೆ ಎಲ್ಲಿಗೆ ಹೋಗಬೇಕು ಎಂದು ಹೇಳುವ ರಿಜಿಸ್ಟರಿನಲ್ಲಿ ಅದು ಮೊದಲೇ ಮುಂದಿನ ಆಜ್ಞೆಯ ಹೊಸ ನಂಬರನ್ನು ಬರೆದಿಡುತ್ತದೆ. ಆಮೇಲೆ ಪೇಜಿಂಗ್ ಶುರು. ನೆಲ ಮಾಯ, ಪೇಜ್ ಫಾಲ್ಟ್, ದೂರಿನ ವಿಳಾಸಕ್ಕೆ ಜಿಗಿತ. ಅದೇ ತಾನೆ ಹೋಗಬೇಕಾದ ಜಾಗ! ಹಳೇ ಬೋರ್ಡೂ ಬೇಡ, ಸುತ್ತಿ ಬಳಸುವ ಜಂಪೂ ಬೇಡ. 64 ಬಿಟ್ಟಿನ ಇಂಟೆಲ್ ವಂಶದ ಲಿನಕ್ಸಿನಲ್ಲೂ 2013ರಿಂದ ಇಂಥದ್ದೇ ಧಾಟಿ: ಶುರುವಿನಲ್ಲೇ ದೊಡ್ಡ ಪುಸ್ತಕ ಬರೆಯದೆ, ಯಾವ ನಂಬರು ಕೇಳಿ ಬೀಳುತ್ತದೋ ಆಗ ಆ ಸಾಲು ಬರೆದುಕೊಂಡು ಮುಂದುವರಿಯುವುದು.

ನನ್ನ ಕರ್ನಲ್ಲಿಗೆ ಅಷ್ಟು ಜಾಣತನವಿಲ್ಲ. ಬೋರ್ಡು ಕೀಳುವ ಮೊದಲು ಜಿಡಿಟಿಯ ವಿಳಾಸವನ್ನು 80105000 ಎಂದು ಮತ್ತೊಮ್ಮೆ ಹೇಳುವ ಎರಡು ಸಾಲು ಸೇರಿಸಿದೆ. ಬೂಟ್ ಮಾಡಿದೆ. ಟೈಮರ್ ಬಾಗಿಲು ತಟ್ಟಿದಾಗಲೆಲ್ಲ ಸೀರಿಯಲ್ ಪೋರ್ಟಿಗೆ ಒಂದು ಚುಕ್ಕಿ ಹಾಕಲು ಹೇಳಿದ್ದೆ. ಚುಕ್ಕಿಗಳು ಬರತೊಡಗಿದವು, ಸೆಕೆಂಡಿಗೆ ಹದಿನೆಂಟು, ನಿಲ್ಲದೆ. ಫೋನಿನ ಆ ಕಡೆ ಗೆಳೆಯ ಆಕಳಿಸುವುದು ಕೇಳಿಸಿತು. “ಆಯ್ತಲ್ಲ, ಇನ್ನು ಮಲಗು ಮಾರಾಯ” ಅಂದು ಇಟ್ಟ.

ಮಲಗಲಿಲ್ಲ. ಕೀಬೋರ್ಡಿನ ಇಂಟರಪ್ಟನ್ನೂ ನೋಡಿಯೇಬಿಡೋಣ ಎಂದು ಒಂದು ಕೀಲಿ ಒತ್ತಿದೆ. ಚುಕ್ಕಿಗಳು ನಿಂತವು. ಒತ್ತಿದ ಅಕ್ಷರವನ್ನು ಪರದೆಯಲ್ಲಿ ಮೂಡಿಸುವ ಫಂಕ್ಷನ್, ಮೊದಲ ದಿನ ‘ನಮಸ್ಕಾರ’ ಎಂದು ಬರೆಯಲು ಮಾಡಿದ್ದು, ಪರದೆಯ ಮೆಮೊರಿಯನ್ನು ಇನ್ನೂ ಹಳೇ ನಂಬರಿನಲ್ಲೇ ಹುಡುಕುತ್ತಿತ್ತು. ಆದರೆ ಈ ಸಲ ಯಂತ್ರ ರೀಸ್ಟಾರ್ಟ್ ಆಗಲಿಲ್ಲ. ಚುಕ್ಕಿಗಳ ಕೊನೆಯಲ್ಲಿ, ಹೊಸ ಸಾಲಿನಲ್ಲಿ, ನಾಲ್ಕು ರಾತ್ರಿಗಳಲ್ಲಿ ಮೊತ್ತಮೊದಲ ಸಲ ಅದು ಬಾಯಿಬಿಟ್ಟಿತ್ತು: ಪೇಜ್ ಫಾಲ್ಟ್, ವಿಳಾಸ 000ಬಿ8000.